ಶಾಕ್ ಅಬ್ಸಾರ್ಬರ್ ಪೂರ್ತಿ ಬಿಗಿ ಮಾಡಿಸುವ ಮೊದಲು ದಯವಿಟ್ಟು ಓದಿ

ದಾವಣಗೆರೆಯಲ್ಲಿ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ಕೆಲವೇ ಮಂದಿ. ಅವರಲ್ಲಿ ಒಬ್ಬರಿಗಾದರೂ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಎರಡು ಸೀಟಿನ, ಹಿಂಬದಿ ಚಕ್ರಗಳಿಂದ ಓಡುವ ನನ್ನ ಹಳೆಯ ಕಾರಿಗೆ ಕಳೆದ ವರ್ಷ ಬಿಗಿತ ಹೊಂದಿಸಬಹುದಾದ ಶಾಕ್ ಅಬ್ಸಾರ್ಬರ್‌ಗಳನ್ನು ಹಾಕಿಸಿದೆ. ಗ್ಯಾರೇಜಿನವರು ನಾಲ್ಕೂ ತಿರುಪುಗಳನ್ನು ಕೊನೆಯವರೆಗೆ ತಿರುಗಿಸಿ, "ಗಟ್ಟಿ ಮಾಡಿದಷ್ಟೂ ಕಾರು ರೋಡ್ ಹಿಡಿತೈತಿ ಸರ್" ಎಂದರು. ಅಂದು ಸಂಜೆ ಚಿತ್ರದುರ್ಗದವರೆಗೆ ಹೆದ್ದಾರಿಯಲ್ಲಿ ಹೋಗಿ ಬಂದಾಗ ಲೇನ್ ಬದಲಿಸಿದರೂ ಬಾಡಿ ವಾಲಲಿಲ್ಲ, ಸ್ಟೀರಿಂಗ್ ತಿರುಗಿಸಿದ ಕ್ಷಣವೇ ಮೂತಿ ತಿರುಗುತ್ತಿತ್ತು. ಹಾಗಾಗಿ ಅವರ ಮಾತನ್ನು ನಂಬಿದೆ.

ಮೂರನೇ ವಾರ ಚನ್ನಗಿರಿ ರಸ್ತೆಯ ಕಡೆ ಹೊರಟಿದ್ದೆ. ಅಡಿಕೆ ತೋಟದ ಪಕ್ಕದ ಒಂದು ಎಡ ತಿರುವಿನಲ್ಲಿ, ತೇಪೆ ಹಾಕಿದ ಡಾಂಬರಿನ ಸಾಲು ಉಬ್ಬುಗಳ ಮೇಲೆ, ಗಂಟೆಗೆ 60 ಕಿ.ಮೀ. ವೇಗದಲ್ಲಿ ಕಾರಿನ ಹಿಂಭಾಗ ಟಕಟಕನೆ ಪುಟಿಯುತ್ತಾ ಬಲಕ್ಕೆ ಸರಿದುಬಿಟ್ಟಿತು. ಎದುರಿನಿಂದ ಯಾವ ವಾಹನವೂ ಬರುತ್ತಿರಲಿಲ್ಲ. ಕಾರು ರಸ್ತೆಯಂಚಿನ ಮಣ್ಣಿಗಿಳಿದು ನಿಂತಿತು, ಒಂದು ರಿಮ್ ಬಾಗಿತು. ಪಕ್ಕದ ಸೀಟಿನಲ್ಲಿ ನನ್ನ ಮಗಳಿದ್ದಳು.

ಹರಿಹರದ ಒಬ್ಬ ಹಿರಿಯ ಮೆಕ್ಯಾನಿಕ್ ಕಾರನ್ನು ಲಿಫ್ಟಿಗೇರಿಸಿ ಕಾರಣ ತೋರಿಸಿದರು. ಶಾಕ್ ಅಬ್ಸಾರ್ಬರ್‌ನ ರಾಡಿನ ಮೇಲಿರುವ ರಬ್ಬರ್ ಉಂಗುರ, ಪಿಸ್ಟನ್ ಎಷ್ಟು ದೂರ ಚಲಿಸಿತ್ತೆಂದು ತಿಳಿಸುತ್ತದೆ. ಹಿಂಬದಿಯ ಎರಡರಲ್ಲೂ ಅದು ತುತ್ತತುದಿಗೆ ಹೋಗಿ ಅಂಟಿಕೊಂಡಿತ್ತು. ಸಸ್ಪೆನ್ಷನ್ ಪೂರ್ತಿ ಕುಸಿದಾಗ ಕೊನೆಯ ಹೊಡೆತ ತಡೆಯುವ ಮೆತ್ತೆಯಾದ ಬಂಪ್ ಸ್ಟಾಪರ್‌ನ ಫೋಮ್ ಅವರ ಅಂಗೈಯಲ್ಲಿ ಪುಡಿಪುಡಿಯಾಗಿ ಉದುರಿತು.

ಭಾರ ಹೊರುವುದು ಸ್ಪ್ರಿಂಗ್‌ನ ಕೆಲಸ. ಆ ಸ್ಪ್ರಿಂಗ್‌ನ ಕುಣಿತವನ್ನು, ಎಣ್ಣೆಯನ್ನು ಸಣ್ಣ ರಂಧ್ರಗಳಲ್ಲಿ ನುಗ್ಗಿಸಿ ಶಾಖವಾಗಿ ಕಳೆಯುವುದು ಶಾಕ್ ಅಬ್ಸಾರ್ಬರ್‌ನ ಕೆಲಸ. ಚಕ್ರ ಮೇಲೇರುವಾಗ ಅದು ಒಡ್ಡುವ ತಡೆಗೆ ಬಂಪ್ ಎಂದೂ, ಚಕ್ರ ಮರಳಿ ಕೆಳಗಿಳಿಯುವಾಗಿನ ತಡೆಗೆ ರಿಬೌಂಡ್ ಎಂದೂ ಹೆಸರು. ನನ್ನ ಕಾರಿನ ತಿರುಪು ಮುಖ್ಯವಾಗಿ ರಿಬೌಂಡನ್ನೇ ಬದಲಿಸುತ್ತದೆ. ಅದು ಅತಿಯಾದಾಗ, ಒಂದು ಉಬ್ಬು ಹತ್ತಿದ ಚಕ್ರ ಪೂರ್ತಿ ಕೆಳಗಿಳಿಯುವ ಮೊದಲೇ ಮುಂದಿನ ಉಬ್ಬು ಬಂದುಬಿಡುವುದರಿಂದ, ಕಾರು ಪ್ರತಿ ಉಬ್ಬಿಗೂ ಸ್ವಲ್ಪ ಸ್ವಲ್ಪವೇ ಕುಸಿಯುತ್ತಾ ಕೊನೆಗೆ ಬಂಪ್ ಸ್ಟಾಪರ್ ಮೇಲೆ ಕುಳಿತುಬಿಡುತ್ತದೆ. ಆಮೇಲೆ ಸಸ್ಪೆನ್ಷನ್ ಇದ್ದೂ ಇಲ್ಲದಂತೆ. ಟೈರು ನೆಲ ಬಿಡುತ್ತದೆ.

ಹೆದ್ದಾರಿಯಲ್ಲಿ ಇದು ಗೊತ್ತಾಗದಿದ್ದುದಕ್ಕೂ ಕಾರಣವಿದೆ. ಬಾಡಿ ವಾಲುವಾಗ ಪಿಸ್ಟನ್ ನಿಧಾನವಾಗಿ ಚಲಿಸುತ್ತದೆ, ಗುಂಡಿ ಅಥವಾ ಹಂಪ್ ಸಿಕ್ಕಾಗ ರಭಸವಾಗಿ. ನಯವಾದ ರಸ್ತೆಯಲ್ಲಿ ನಾನು ಪರೀಕ್ಷಿಸಿದ್ದು ಮೊದಲನೆಯದನ್ನು ಮಾತ್ರ. ಬಿಗಿತ ತಂದುಕೊಟ್ಟ ಆ ಚುರುಕನ್ನೇ ಹಿಡಿತ ಎಂದು ತಿಳಿದದ್ದು ನನ್ನ ದೊಡ್ಡ ತಪ್ಪು.

ಆದ್ದರಿಂದ ಯಾರೇ ತಿರುಪು ಮುಟ್ಟುವ ಮೊದಲು, ಪೂರ್ತಿ ಮುಚ್ಚಿದ ಸ್ಥಿತಿಯಿಂದ ಎಷ್ಟು ಕ್ಲಿಕ್ (ತಿರುಪು ತಿರುಗಿಸುವಾಗ ಟಕ್ಕೆನ್ನುವ ಒಂದೊಂದು ಹಂತ) ಬಿಚ್ಚಿದೆ ಎಂಬುದನ್ನು ನಾಲ್ಕೂ ಚಕ್ರಕ್ಕೆ ಬರೆದಿಟ್ಟುಕೊಳ್ಳಿ. ಎಡಬಲ ಒಂದೇ ಲೆಕ್ಕದಲ್ಲಿರಲಿ. ಮುಂದೆ ಅಥವಾ ಹಿಂದೆ, ಒಂದು ಸಲಕ್ಕೆ ಒಂದೇ ಕಡೆ ಎರಡು ಕ್ಲಿಕ್ ಬದಲಿಸಿ, ನೀವು ದಿನವೂ ಓಡಾಡುವ ಕೆಟ್ಟ ರಸ್ತೆಯಲ್ಲೇ ನಿಧಾನವಾಗಿ ಓಡಿಸಿ ನೋಡಿ. ಹಿಂಬದಿಯನ್ನು ಮುಂಬದಿಗಿಂತ ತೀರಾ ಬಿಗಿ ಮಾಡಿದರೆ ತಿರುವಿನಲ್ಲಿ ಮೊದಲು ಜಾರುವುದು ಹಿಂಬದಿಯೇ. ತಿರುಪನ್ನು ಕೊನೆ ಮುಟ್ಟಿದ ಮೇಲೂ ಒತ್ತಿ ತಿರುಗಿಸಲು ಬಿಡಬೇಡಿ, ಒಳಗಿನ ಸೂಜಿ ಕವಾಟ ಹಾಳಾಗುತ್ತದೆ.

ಹರಿಹರದವರು ಹಿಂಬದಿಯನ್ನು 14 ಕ್ಲಿಕ್ ಸಡಿಲಿಸಿದ ಮೇಲೆ ಅದೇ ತಿರುವಿನಲ್ಲಿ ಕಾರು ನೆಲ ಬಿಡದೆ ಸಾಗಿತು. ಆದರೆ ಆ ಮೂರು ವಾರಗಳ ಹೊಡೆತಕ್ಕೆ ಎಡ ಹಿಂಬದಿಯ ಸೀಲ್‌ನಿಂದ ಎಣ್ಣೆ ಜಿನುಗಲು ಶುರುವಾಗಿದೆ. ಅದು ಬದಲಾಗುವವರೆಗೆ ಕಾರು ಶೆಡ್ಡಿನಲ್ಲೇ ಇದೆ.