ಆರು ವರ್ಷ, 48ಕೆ ಸ್ಪೆಕ್ಟ್ರಮ್, ಒಂದು ಚೌಕಾಬಾರ

2018ರಲ್ಲಿ ಇಲ್ಲಿ ಲೆಸ್ಟರ್‌ನ ಹಳೇ ಸಾಮಾನಿನ ಸಂತೆಯಲ್ಲಿ 70 ಪೌಂಡ್ ಕೊಟ್ಟು ಒಂದು ಝಡ್‌ಎಕ್ಸ್ ಸ್ಪೆಕ್ಟ್ರಮ್ 48ಕೆ ತಂದೆ. 48 ಕಿಲೋಬೈಟ್ ಮೆಮೊರಿ ಇರುವ ಹಳೇ ಕಾಲದ ಮನೆ ಕಂಪ್ಯೂಟರ್ ಇದು. ಅದರಲ್ಲಿ ನಾನೇ ಆಟ ಬರೆಯಬೇಕು ಅನ್ನೋ ಆಸೆ. ಆರು ವರ್ಷ ವಾರಕ್ಕೆ ಎರಡು ಸಂಜೆಯಾದರೂ ಅದರ ಮುಂದೆ ಕೂತಿದ್ದೇನೆ. ಕೊಳ್ಳಬೇಕೋ ಬೇಡವೋ ಅಂತ ಯೋಚಿಸುತ್ತಿರುವವರಿಗೆ ನನ್ನ ಅನುಭವ ಹೇಳುತ್ತೇನೆ.

ಇದು ಕೇಂಬ್ರಿಜ್‌ನ ಸಿಂಕ್ಲೇರ್ ರಿಸರ್ಚ್ 1982ರ ಏಪ್ರಿಲ್‌ನಲ್ಲಿ ಬಿಡುಗಡೆ ಮಾಡಿದ ಯಂತ್ರ. ಆಗ 16ಕೆ ಮಾದರಿಗೆ 125 ಪೌಂಡ್, 48ಕೆಗೆ 175. ಮುಂದೆ ಬಂದ ಸ್ಪೆಕ್ಟ್ರಮ್ ಪ್ಲಸ್ ಮಾದರಿ ಭಾರತದಲ್ಲೂ ಡಿಬಿ ಸ್ಪೆಕ್ಟ್ರಮ್ ಪ್ಲಸ್ ಹೆಸರಲ್ಲಿ ಮಾರಾಟವಾಗಿತ್ತು. ಯಾರದಾದರೂ ಮನೆಯ ಅಟ್ಟದ ಮೇಲೆ ಒಂದು ಇದ್ದರೂ ಇರಬಹುದು.

ಮೊದಲು ಕರೆಂಟಿನ ವಿಷಯ. ಇದಕ್ಕೆ 9 ವೋಲ್ಟ್ ಅಡಾಪ್ಟರ್ ಬೇಕು, ಆದರೆ ಪಿನ್ನಿನ ನಡುವೆ ಮೈನಸ್ ಇರಬೇಕು. ಈಗ ಅಂಗಡಿಯಲ್ಲಿ ಸಿಗುವ ಬಹುಪಾಲು ಅಡಾಪ್ಟರ್‌ಗಳಲ್ಲಿ ನಡುವೆ ಪ್ಲಸ್ ಇರುತ್ತದೆ. ನೋಡದೆ ಚುಚ್ಚಬೇಡಿ. ಕೀಬೋರ್ಡಿನ ಕೆಳಗಿನ ಪ್ಲಾಸ್ಟಿಕ್ ಪಟ್ಟಿ ನಲವತ್ತು ವರ್ಷಕ್ಕೆ ಒಣಗಿ, ಬಗ್ಗಿಸಿದರೆ ಬಿರುಕು ಬಿಡುತ್ತದೆ. ನಾನು ಒಮ್ಮೆ ಬದಲಾಯಿಸಿದೆ, ಹೊಸದು ಸುಲಭವಾಗಿ ಸಿಗುತ್ತದೆ. ಟಿವಿಗೆ ಆಂಟೆನಾ ತೂತಿನಿಂದ ಹೋಗುವ ಚಿತ್ರ ಮಸುಕು. ಗೊತ್ತಿರುವವರ ಕೈಲಿ ಕಾಂಪೋಸಿಟ್ ವೈರ್ ಹಾಕಿಸಿಕೊಳ್ಳಿ.

ಇನ್ನು ಮೆಮೊರಿ. 48ಕೆ ಅಂದರೂ ಪರದೆಗೇ 6,912 ಬೈಟ್ ಹೋಗುತ್ತದೆ. ಮಿಕ್ಕ ಲೆಕ್ಕ ಕಳೆದು ಬೇಸಿಕ್‌ಗೆ, ಅಂದರೆ ಯಂತ್ರದೊಳಗೇ ಇರುವ ಪ್ರೋಗ್ರಾಂ ಭಾಷೆಗೆ, ಉಳಿಯೋದು ಸುಮಾರು 41 ಸಾವಿರ. 16ಕೆ ಮಾದರಿಯಲ್ಲಿ 9 ಸಾವಿರಕ್ಕಿಂತ ಕಡಿಮೆ. ಎರಡು ವರ್ಷ ಆದಮೇಲೆ ನಾನು ಬೇಕಂತಲೇ ಆ ಚಿಕ್ಕ ಮನೆಗೆ ಹೋದೆ. 'ಕ್ಲಿಯರ್ 32599' ಅಂತ ಕೊಟ್ಟರೆ ದೊಡ್ಡ ಯಂತ್ರವೂ ಬೇಸಿಕ್ ಪಾಲಿಗೆ 16ಕೆ ಆಗುತ್ತದೆ. ಜಾಗ ಜಾಸ್ತಿ ಇದ್ದಾಗ ನಾನು ಬರೆದ ಆಟಗಳಲ್ಲಿ ಒಂದೂ ಮುಗಿಯಲಿಲ್ಲ. ಜಾಗ ಕಡಿಮೆ ಮಾಡಿಕೊಂಡ ಮೇಲೆ ಮೂರು ಮುಗಿದವು. ಅವುಗಳಲ್ಲಿ ನನಗೆ ತುಂಬಾ ಪ್ರೀತಿಯದು ಚೌಕಾಬಾರ.

ಈ ಯಂತ್ರದ ಪರದೆಯಲ್ಲಿ 32 ಅಡ್ಡ, 24 ಉದ್ದ ಚೌಕಗಳಿವೆ. ಒಂದು ಚೌಕದಲ್ಲಿ ಎರಡೇ ಬಣ್ಣ ಇರಬಹುದು, ಬರಹದ್ದು ಒಂದು, ಹಿನ್ನೆಲೆಯದು ಒಂದು. ಎರಡು ಬಣ್ಣದ ಬೊಂಬೆಗಳು ಒಂದೇ ಚೌಕಕ್ಕೆ ಬಂದರೆ ಒಂದರ ಬಣ್ಣ ಇನ್ನೊಂದಕ್ಕೆ ಮೆತ್ತಿಕೊಳ್ಳುತ್ತದೆ. ಎಲ್ಲರೂ ಬೈಯೋದು ಇದನ್ನೇ. ಆದರೆ ಚೌಕಾಬಾರದ ಕಾಯಿಗಳು ಮನೆಯಿಂದ ಮನೆಗೆ ನೆಗೆಯುತ್ತವೆ, ಜಾರುವುದಿಲ್ಲ. 5 ಸಾಲು, 5 ಕಂಬ, ಒಟ್ಟು 25 ಮನೆ. ಒಂದೊಂದು ಮನೆಗೂ 4 ಅಡ್ಡ 4 ಉದ್ದ, ಅಂದರೆ 16 ಚೌಕ ಕೊಟ್ಟೆ. ನಾಲ್ಕು ಜನರ ಕಾಯಿ ಎಷ್ಟು? ಅದೂ 16! ಹಾಗಾಗಿ ಪ್ರತಿ ಕಾಯಿಗೂ ಒಂದು ಖಾಯಂ ಸೀಟು. ಏಳನೇ ಕಾಯಿ ಯಾವ ಮನೆಗೆ ಹೋದರೂ ಆ ಮನೆಯ ಏಳನೇ ಚೌಕದಲ್ಲೇ ಕೂರುತ್ತದೆ. ಕಟ್ಟೆಮನೆಯಲ್ಲಿ ನಾಲ್ಕೂ ಜನರ ಕಾಯಿ ಒಟ್ಟಿಗೆ ಕೂತರೂ ಬಣ್ಣ ಕಲೆಸುವುದಿಲ್ಲ. ಯಾವುದು ಎಲ್ಲಿ ಕೂರಬೇಕು ಅಂತ ಲೆಕ್ಕ ಹಾಕುವ ಸಾಲುಗಳೇ ಬೇಕಾಗಲಿಲ್ಲ. ಅವತ್ತು ರಾತ್ರಿ ಖುಷಿಗೆ ನಿದ್ದೆ ಬರಲಿಲ್ಲ.

ಕಾಯಿಗಳ ಜಾಗವನ್ನು ಸಂಖ್ಯೆಗಳ ಪಟ್ಟಿಯಲ್ಲಿ ಇಟ್ಟರೆ ಒಂದಕ್ಕೆ 5 ಬೈಟ್, ಒಟ್ಟು 80. ಅದನ್ನೇ 16 ಅಕ್ಷರಗಳ ಒಂದು ಸ್ಟ್ರಿಂಗ್ ಮಾಡಿದರೆ ಬರೀ 16. ಇನ್ನೊಂದು ಗುಟ್ಟು ಇದೆ. ಬೇಸಿಕ್‌ನಲ್ಲಿ ನೀವು 0 ಅಂತ ಬರೆದರೆ ಯಂತ್ರ ಅದರ ಹಿಂದೆ ಕಾಣದ ಹಾಗೆ ಇನ್ನೂ 6 ಬೈಟ್ ಸೇರಿಸುತ್ತದೆ. ಅದರ ಬದಲು 'ನಾಟ್ ಪೈ' ಅಂತ ಹಾಕಿ, ಬೆಲೆ ಅದೇ ಸೊನ್ನೆ, ಜಾಗ ಎರಡೇ ಬೈಟ್. 1 ಬೇಕಾದರೆ 'ಎಸ್‌ಜಿಎನ್ ಪೈ'. ಸ್ವಲ್ಪ ನಿಧಾನ ಆಗುತ್ತದೆ, ಆದರೆ ಚೌಕಾಬಾರಕ್ಕೆ ಯಾವ ಅವಸರ? ಮೊದಲು 11 ಸಾವಿರ ಬೈಟ್ ದಾಟಿದ್ದ ಆಟ ಹೀಗೆ ಇಳಿದು ಇಳಿದು 8,300ಕ್ಕೆ ಬಂತು. ಈ ಯಂತ್ರ ಪ್ರೋಗ್ರಾಂ ತಗೊಳ್ಳೋದು ಕ್ಯಾಸೆಟ್ ಟೇಪಿನ ಸದ್ದಿನಿಂದ. ಅದೇ ಸದ್ದನ್ನು ಫೋನಿನಿಂದ ಕೊಟ್ಟು ಲೋಡ್ ಮಾಡಿದರೆ ಒಂದು ನಿಮಿಷ ಸಾಕು.

ಕಾಯಿ ನಡೆಯುವ ದಾರಿಯೂ ನಾಲ್ಕು ಜನಕ್ಕೆ ಒಂದೇ ಪಟ್ಟಿ. ಹೊರಸುತ್ತಿನಲ್ಲಿ 16 ಮನೆ, ಒಬ್ಬೊಬ್ಬರಿಗೂ 4 ಮನೆ ಮುಂದಿನಿಂದ ಶುರು. ಒಳಸುತ್ತಿನಲ್ಲಿ 8 ಮನೆ, ಅಲ್ಲಿ 2 ಮನೆ ಕೂಡಿಸಿದೆ. ಮಗಳ ಜೊತೆ ಎದುರುಬದುರು ಕೂತು ತಿಂಗಳುಗಟ್ಟಲೆ ಆಡಿದೆ, ಎಲ್ಲ ಸರಿಯಿತ್ತು. ನಾಲ್ಕು ಜನ ಕೂತ ದಿನ ಎಡ ಬಲದವರ ಕಾಯಿಗಳು ಒಳಗೆ ಹೋದ ತಕ್ಷಣ ತಪ್ಪು ಮೂಲೆಗೆ ನೆಗೆದವು. ಒಳಸುತ್ತು ಉಲ್ಟಾ ತಿರುಗುತ್ತದೆ ಅಲ್ವಾ, ಅಲ್ಲಿ 2 ಕೂಡಿಸಬಾರದು, ಕಳೆಯಬೇಕು. ಎದುರು ಕೂತವರಿಗೆ 8ರಲ್ಲಿ 4 ಕೂಡಿಸಿದರೂ ಕಳೆದರೂ ಅದೇ ಮನೆ ಬರುತ್ತದೆ. ಅದಕ್ಕೇ ಅಷ್ಟು ದಿನ ಗೊತ್ತಾಗಿರಲಿಲ್ಲ.

ಕವಡೆಯ ತಪ್ಪು ಹಿಡಿದವರು ಅಮ್ಮ. ಮೈಸೂರಿನಿಂದ ಬಂದಿದ್ದಾಗ ಹತ್ತು ನಿಮಿಷ ಆಡಿ, "ಏನೋ ಇದು, ಇಷ್ಟೊಂದು ಎಂಟು ಬೀಳತ್ತೆ? ನಾಲ್ಕು ಕವಡೆನೂ ಒಟ್ಟಿಗೆ ಮಗುಚಿಕೊಳ್ಳೋದು ಅಷ್ಟು ಸುಲಭನಾ?" ಅಂದರು. 1, 2, 3, 4, 8 ಐದಕ್ಕೂ ಸಮಪಾಲು ಕೊಟ್ಟಿದ್ದೆ. ಕವಡೆಯ ಎರಡು ಮಗ್ಗುಲೂ ಸಮವಾಗಿ ಬೀಳುತ್ತವೆ ಅಂದುಕೊಂಡರೆ ಎಂಟು ಬೀಳೋದು 16ಕ್ಕೆ ಒಂದು ಸಲ, ಎರಡು ಬೀಳೋದು 16ಕ್ಕೆ ಆರು ಸಲ. ಈಗ ಯಂತ್ರ ನಾಲ್ಕು ಕವಡೆಗಳನ್ನೂ ಒಂದೊಂದಾಗಿ ಎಸೆಯುತ್ತದೆ. ಗರ ಬೀಳುವ ರೀತಿಯೇ ಬದಲಾಯಿತು. ಅಮ್ಮ ಆಮೇಲೆ ದಿನಾ ಊಟ ಆದಮೇಲೆ ಆಡುತ್ತಿದ್ದರು.

ಅವರಿಗಾಗಿಯೇ ಕನ್ನಡ ಅಕ್ಷರ ಹಾಕಿದೆ. ನಮಗೆ ಬೇಕಾದಂತೆ ಬರೆದುಕೊಳ್ಳಲು ಈ ಯಂತ್ರ 21 ಅಕ್ಷರ ಕೊಡುತ್ತದೆ. ಒಂದಕ್ಕೆ 8 ಸಾಲು, ಸಾಲಿಗೆ 8 ಚುಕ್ಕಿ. ಗ್ರಾಫ್ ಹಾಳೆ ಮೇಲೆ 'ಗ' ಬರೆದು ಅಳಿಸಿ ಕೊನೆಗೆ ಉಳಿಸಿಕೊಂಡದ್ದು 6, 124, 0, 60, 66, 66, 102, 0. ಮೊದಲೆರಡು ತಲೆಕಟ್ಟು, 60 ಕಮಾನು, 66 ಎರಡು ಕಾಲು, 102 ಒಳಕ್ಕೆ ತಿರುಗಿದ ಪಾದ. 'ಗರ' ಎರಡು ಚೌಕದಲ್ಲಿ ಮುಗಿಯಿತು. 'ಹಣ್ಣು' ಕಷ್ಟ ಕೊಟ್ಟಿತು. ಹ ಒಂದು ಚೌಕ, ಣು ಎರಡು, ಕೆಳಗೆ ಒತ್ತಿಗೆ ಇನ್ನೊಂದು. ಆದರೂ ಕಾಯಿ ನಡುಮನೆ ಸೇರಿದಾಗ ಪರದೆ ಮೇಲೆ 'ಹಣ್ಣು' ಅಂತ ಬರಲೇಬೇಕಿತ್ತು. ಆ 32 ಬೈಟ್ ಕೊಟ್ಟದ್ದಕ್ಕೆ ಸ್ವಲ್ಪವೂ ಬೇಸರ ಇಲ್ಲ.

ಓಡುವ, ಹಾರುವ ಆಟ ಬೇಕಾದರೆ ಬೇಸಿಕ್ ಸಾಲದು, ಯಂತ್ರದ ಚಿಪ್ಪಿಗೆ ನೇರವಾಗಿ ಅಂಕಿಗಳಲ್ಲೇ ಹೇಳುವ ಮಷಿನ್ ಕೋಡ್ ಕಲಿಯಬೇಕು. ಬೀಪ್ ಕೊಟ್ಟಷ್ಟು ಹೊತ್ತು ಬೇಸಿಕ್ ಬೇರೇನೂ ಮಾಡದೆ ನಿಂತುಬಿಡುತ್ತದೆ. ರಬ್ಬರ್ ಕೀಲಿಗಳಲ್ಲಿ ಉದ್ದ ಪ್ರೋಗ್ರಾಂ ಒತ್ತಿದರೆ ಬೆರಳು ನೋಯುತ್ತದೆ. ಪಿ ಒತ್ತಿದರೆ ಇಡೀ 'ಪ್ರಿಂಟ್' ಬರುವ ಪದ್ಧತಿ ಕೈಗೆ ಹಿಡಿಯಲು ನನಗೆ ಒಂದು ತಿಂಗಳೇ ಬೇಕಾಯಿತು. ದುಡ್ಡು ಹಾಕುವ ಮುಂಚೆ ಈಗಿನ ಕಂಪ್ಯೂಟರಿನಲ್ಲೇ ಸ್ಪೆಕ್ಟ್ರಮ್‌ನಂತೆ ನಡೆಯುವ ಫ್ಯೂಸ್ ಅನ್ನೋ ಎಮ್ಯುಲೇಟರ್ ಹಾಕಿಕೊಂಡು ನೋಡಿ, ಅದು ಉಚಿತ. ನಾನೂ ಈಗ ಜಾಸ್ತಿ ಬರೆಯೋದು ಅದರಲ್ಲೇ. ಮುಗಿದ ಮೇಲೆ ಅಸಲಿ ಯಂತ್ರಕ್ಕೆ ಹಾಕುತ್ತೇನೆ, ಬಣ್ಣ ಹಳೇ ಟಿವಿಯಲ್ಲಿ ಬೇರೆಯೇ ಕಾಣುತ್ತದೆ. 5ಕ್ಕೆ 4 ಕೊಡುತ್ತೇನೆ. ಒಂದು ಕಳೆದದ್ದು ಕೀಲಿಗಳಿಗೆ.

ಈಗ ಅಳಗುಳಿಮಣೆ ಶುರು ಮಾಡಿದ್ದೇನೆ. 14 ಗುಳಿ, 14 ಬೈಟ್. ಒಂದೊಂದು ಹುಣಸೆಬೀಜ ಬೀಳುವಾಗಲೂ ಚಿಕ್ಕ ಬೀಪ್ ಇಟ್ಟಿದ್ದೇನೆ. ಅದು ಸ್ವಲ್ಪ ಉದ್ದ ಆಯ್ತು ಅಂತ ಮಗಳು ಹೇಳುತ್ತಿದ್ದಾಳೆ, ಈ ವಾರ ಸರಿ ಮಾಡಬೇಕು.