ಎಸ್‌ಪಿ ರೋಡಿನ ಒಂದು ಚಿಕ್ಕ ರಿಪೇರಿ ಅಂಗಡಿ: ಫೋನ್ ನಿಧಾನಕ್ಕೆ ಚಾರ್ಜ್ ಆಗುತ್ತಿರುವವರಿಗೆ

ಫೋನ್ ಕೈಗೆ ಕೊಟ್ಟ ತಕ್ಷಣ "ಬ್ಯಾಟರಿ ಹೋಗಿದೆ" ಅನ್ನುವ ಅಂಗಡಿಗಳು ಬೆಂಗಳೂರಿನಲ್ಲಿ ಬೀದಿಗೆ ನಾಲ್ಕು ಸಿಗುತ್ತವೆ. ಮೊದಲು ಮೀಟರ್ ಸಿಕ್ಕಿಸಿ ನೋಡೋಣ ಅನ್ನುವವರು ಕಮ್ಮಿ. ಎಲೆಕ್ಟ್ರಾನಿಕ್ಸ್ ಅಂಗಡಿಗಳೇ ತುಂಬಿರುವ ಎಸ್‌ಪಿ ರೋಡಿನ ಒಂದು ಅಡ್ಡರಸ್ತೆಯಲ್ಲಿ ಅಂಥವರೊಬ್ಬರು ಸಿಕ್ಕಿದ್ದಾರೆ. ಅಂಗಡಿ ಹೆಸರು ಹಾಕುತ್ತಿಲ್ಲ. ಹಾಕಲಾ ಅಂತ ಕೇಳಿದೆ, "ಬೇಡ ಮೇಡಂ, ಈಗಲೇ ನಿಲ್ಲೋಕೆ ಜಾಗ ಇಲ್ಲ" ಅಂದರು. ನಿಜ, ಕೌಂಟರ್ ಮುಂದೆ ಇಬ್ಬರು ನಿಂತರೆ ಮೂರನೆಯವರು ರಸ್ತೆಯಲ್ಲಿ ಸ್ಕೂಟರ್‌ಗಳ ಮಧ್ಯೆ ನಿಲ್ಲಬೇಕು. ಹಾಗಾಗಿ ಅಂಗಡಿಗಿಂತ ಅಲ್ಲಿ ಏನು ಮಾಡಿದರು ಅನ್ನುವುದನ್ನೇ ಜಾಸ್ತಿ ಬರೆಯುತ್ತೇನೆ. ಅದರಲ್ಲಿ ಮುಕ್ಕಾಲು ಪಾಲು ಮನೆಯಲ್ಲೇ ಮಾಡಿಕೊಳ್ಳಬಹುದು.

ನನ್ನ ಫೋನ್ ಹಳೆಯದೇನಲ್ಲ. 5000 ಎಂಎಎಚ್ ಬ್ಯಾಟರಿ, 33 ವ್ಯಾಟ್ ಚಾರ್ಜರ್ ಬಾಕ್ಸಲ್ಲೇ ಬಂದಿತ್ತು. ಸ್ನಾನ, ತಿಂಡಿ ಮುಗಿಸುವಷ್ಟರಲ್ಲಿ ಅರ್ಧಕ್ಕಿಂತ ಜಾಸ್ತಿ ತುಂಬುತ್ತಿತ್ತು. ಆಮೇಲೆ ಏನಾಯಿತೋ, ರಾತ್ರಿ ಪೂರ್ತಿ ಹಾಕಿಟ್ಟರೂ ಬೆಳಿಗ್ಗೆ ಎಪ್ಪತ್ತು ಚಿಲ್ಲರೆಯಲ್ಲಿ ನಿಂತಿರುತ್ತಿತ್ತು. ಚಾರ್ಜ್ ಆಗುವ ಗುರುತೇನೋ ಬರುತ್ತದೆ, ಆದರೆ ಫಾಸ್ಟ್ ಚಾರ್ಜಿಂಗ್ ಅಂತ ತೋರಿಸುವುದಿಲ್ಲ. ಪವರ್ ಬ್ಯಾಂಕ್ ಸಿಕ್ಕಿಸಿಕೊಂಡು ಮ್ಯಾಪ್ ಹಾಕಿದರೆ ಇನ್ನೂ ಮಜಾ, ಚಾರ್ಜ್ ಆಗುತ್ತಾ ಆಗುತ್ತಾನೇ ಪರ್ಸೆಂಟೇಜ್ ಇಳಿಯುತ್ತದೆ!

ಮೊದಲು ಹೋಗಿದ್ದು ಕಂಪನಿಯದೇ ಸರ್ವಿಸ್ ಸೆಂಟರ್‌ಗೆ. ಟೋಕನ್ ಕೊಟ್ಟರು, ಎಸಿ ಇತ್ತು, ಸೋಫಾ ಇತ್ತು. ಹುಡುಗಿ ಫೋನನ್ನು ಒಂದು ಸಲ ತಿರುಗಿಸಿ ನೋಡಿ, ಬ್ಯಾಟರಿ ಇರಬಹುದು, ಮದರ್‌ಬೋರ್ಡೂ ಇರಬಹುದು, ಬಿಚ್ಚಿದ ಮೇಲೆ ಗೊತ್ತಾಗುವುದು, ಡೇಟಾ ಹೋದರೆ ನಮ್ಮ ಜವಾಬ್ದಾರಿ ಅಲ್ಲ, ಇಲ್ಲಿ ಸೈನ್ ಮಾಡಿ ಅಂತ ಒಂದೇ ಉಸಿರಿನಲ್ಲಿ ಹೇಳಿದಳು. ಅಂದಾಜು ಖರ್ಚು ಕೇಳಿದರೆ ಹೊಸ ಫೋನಿನ ಅರ್ಧ ದುಡ್ಡು. ದುಡ್ಡಿಗಿಂತ ಸಿಟ್ಟು ಬಂದಿದ್ದು ಬೇರೆಯದಕ್ಕೆ. ಚಾರ್ಜರ್ ತಂದಿದ್ದೀರಾ, ಯಾವ ಕೇಬಲ್ ಹಾಕುತ್ತೀರಾ ಅಂತ ಅಲ್ಲಿ ಒಬ್ಬರೂ ಕೇಳಲಿಲ್ಲ. ಬ್ಯಾಗಲ್ಲೇ ಇತ್ತು ಎರಡೂ. ಸೈನ್ ಮಾಡದೆ ಎದ್ದು ಬಂದೆ.

ಎಸ್‌ಪಿ ರೋಡ್ ಗೊತ್ತಿಲ್ಲದವರಿಗೆ: ಕಾರ್ ತರಬೇಡಿ. ಗ್ರೀನ್ ಲೈನ್ ಮೆಟ್ರೋದಲ್ಲಿ ಕೆ.ಆರ್. ಮಾರ್ಕೆಟ್ ಅಥವಾ ಚಿಕ್ಕಪೇಟೆ ಸ್ಟೇಷನ್‌ನಲ್ಲಿ ಇಳಿದು ನಡೆದುಬಿಡಿ. ಭಾನುವಾರ ಬಹಳಷ್ಟು ಅಂಗಡಿಗಳು ಮುಚ್ಚಿರುತ್ತವೆ. ಬಾಗಿಲಲ್ಲಿ ನಿಂತು "ಏನ್ ಬೇಕು ಮೇಡಂ, ಲ್ಯಾಪ್‌ಟಾಪಾ, ಸಿಸಿಟಿವಿನಾ" ಅಂತ ಕರೆಯುವವರನ್ನು ದಾಟಿಕೊಂಡು ಹೋದರೆ ಸರಿ.

ಈ ಅಂಗಡಿಯಲ್ಲಿ ಕೂತಿರುವವರಿಗೆ ಐವತ್ತು ದಾಟಿರಬೇಕು. ಕಣ್ಣಿಗೆ ಭೂತಗನ್ನಡಿ ಕಟ್ಟಿಕೊಂಡು ಯಾರದೋ ಬೋರ್ಡಿಗೆ ಬೆಸುಗೆ ಹಾಕುತ್ತಿದ್ದರು. ಸಮಸ್ಯೆ ಹೇಳುವುದಕ್ಕೆ ಬಾಯಿ ತೆರೆದರೆ, "ನೀವು ದಿನಾ ಹಾಕೋ ಚಾರ್ಜರ್, ದಿನಾ ಹಾಕೋ ಕೇಬಲ್ ಕೊಡಿ ಮೊದ್ಲು" ಅಂದರು. ಕೊಟ್ಟೆ. ಕೇಬಲ್ಲಿಗೂ ಫೋನಿಗೂ ಮಧ್ಯೆ, ಎಷ್ಟು ವೋಲ್ಟೇಜ್, ಎಷ್ಟು ಕರೆಂಟ್ ಬರುತ್ತಿದೆ ಅಂತ ತೋರಿಸುವ ಒಂದು ಪುಟ್ಟ ಯುಎಸ್‌ಬಿ ಮೀಟರ್ ಸಿಕ್ಕಿಸಿದರು. ಪರದೆಯಲ್ಲಿ ಎರಡು ಅಂಕಿ: 4.6 ವೋಲ್ಟ್, 0.45 ಆಂಪಿಯರ್. ಮೀಟರನ್ನು ನನ್ನ ಕಡೆ ತಿರುಗಿಸಿ ಸುಮ್ಮನೆ ಕೂತರು, ನೀನೇ ಗುಣಿಸಿಕೋ ಅನ್ನುವ ಹಾಗೆ.

ವೋಲ್ಟನ್ನೂ ಆಂಪಿಯರನ್ನೂ ಗುಣಿಸಿದರೆ ವ್ಯಾಟ್ ಸಿಗುತ್ತದೆ, ಇಲ್ಲಿ 2 ವ್ಯಾಟ್ ಚಿಲ್ಲರೆ. 33 ವ್ಯಾಟ್ ಚಾರ್ಜರಿನಿಂದ! 5000 ಎಂಎಎಚ್ ಬ್ಯಾಟರಿ ಅಂದರೆ ಸುಮಾರು 19 ವ್ಯಾಟ್-ಅವರ್, ಅಂದರೆ 19 ವ್ಯಾಟನ್ನು ಒಂದು ಗಂಟೆ ಕೊಡುವಷ್ಟು. 2 ವ್ಯಾಟ್‌ನಲ್ಲಿ ತುಂಬಬೇಕಾದರೆ ಲೆಕ್ಕದಲ್ಲೇ ಒಂಬತ್ತು ಗಂಟೆ ಬೇಕು, ಬಿಸಿಯಾಗಿ ಹೋಗುವ ಪಾಲು ಬೇರೆ. ಸ್ಕ್ರೀನ್ ಆನ್ ಇದ್ದು, ಮ್ಯಾಪೂ ಓಡುತ್ತಿದ್ದರೆ ಫೋನೇ ಅಷ್ಟನ್ನು ತಿಂದುಬಿಡುತ್ತದೆ. ಪರ್ಸೆಂಟೇಜ್ ಇಳಿಯುವುದು ಅದಕ್ಕೇ.

ಆಮೇಲೆ ತಮ್ಮದೇ ಒಂದು ದಪ್ಪ ಕೇಬಲ್ ಹಾಕಿದರು. ಚಾರ್ಜರ್ ಅದೇ, ಫೋನ್ ಅದೇ. ಮೀಟರ್ 5 ವೋಲ್ಟ್, 1.5 ಆಂಪಿಯರ್ ಹತ್ತಿರಕ್ಕೆ ಜಿಗಿಯಿತು. ಕೇಬಲ್ ಬದಲಾಯಿಸಿದ್ದಕ್ಕೇ ಮೂರು ಪಟ್ಟಿಗಿಂತ ಜಾಸ್ತಿ. ನಾನು ತಂದಿದ್ದ ಕೇಬಲ್ಲಿನ ಕಥೆ ಹೇಳಬೇಕು. ನನ್ನ ತಮ್ಮ ಬಾಕ್ಸಿನ ಒರಿಜಿನಲ್ ಕೇಬಲ್ ಎತ್ತಿಕೊಂಡು ಹೋಗಿ, ಅದರ ಜಾಗದಲ್ಲಿ ಮಂಚದ ಮೇಲೆ ಮಲಗಿಕೊಂಡು ರೀಲ್ಸ್ ನೋಡುವುದಕ್ಕೆ ಅಂತ ತಂದಿದ್ದ ಮೂರು ಮೀಟರ್ ಉದ್ದದ ಕೇಬಲ್ ಇಟ್ಟಿದ್ದ. ಮೇಲೆ ಬಟ್ಟೆ ಹೆಣಿಗೆ, ನೋಡುವುದಕ್ಕೆ ಭಾರೀ ಗಟ್ಟಿ. ಅಂಗಡಿಯವರ ಕೌಂಟರಿನ ಗಾಜಿನ ಕೆಳಗೆ ಅಂಥದೇ ಒಂದು ಕೇಬಲ್ಲನ್ನು ಉದ್ದಕ್ಕೆ ಸೀಳಿ ಇಟ್ಟಿದ್ದಾರೆ. ದಪ್ಪ ಹೆಣಿಗೆ, ಅದರೊಳಗೆ ರಬ್ಬರ್, ಅದರೊಳಗೆ ದಾರ, ಎಲ್ಲ ಬಿಡಿಸಿದ ಮೇಲೆ ತಾಮ್ರ ಇರುವುದು ನಾಲ್ಕೈದು ಎಳೆ. ಅಷ್ಟು ತೆಳು ತಂತಿ ಮೂರು ಮೀಟರ್ ಇದ್ದರೆ ಕರೆಂಟ್ ಜಾಸ್ತಿ ಎಳೆದಷ್ಟೂ ದಾರಿಯಲ್ಲೇ ವೋಲ್ಟೇಜ್ ಬಿದ್ದುಹೋಗುತ್ತದೆ. ಫೋನಿನ ಚಾರ್ಜಿಂಗ್ ಚಿಪ್ ಅದನ್ನು ಗಮನಿಸಿ, ಈ ಕಡೆಯಿಂದ ಇಷ್ಟೇ ಬರುವುದು ಅಂತ ತಾನೇ ಎಳೆಯುವುದನ್ನು ಕಮ್ಮಿ ಮಾಡಿಕೊಳ್ಳುತ್ತದೆ. ಫೋನ್ ತಪ್ಪೇ ಮಾಡಿಲ್ಲ ಅಂದ ಹಾಗಾಯಿತು ಅಲ್ವಾ?

ಆದರೂ 5 ವೋಲ್ಟ್ ದಾಟಲಿಲ್ಲ. ಫಾಸ್ಟ್ ಚಾರ್ಜಿಂಗ್ ಶುರುವಾಗುವುದಕ್ಕೆ ಮುಂಚೆ ಚಾರ್ಜರ್ ಮತ್ತು ಫೋನ್ ಕೇಬಲ್ ಮೂಲಕ ಮಾತಾಡಿಕೊಳ್ಳಬೇಕು. ಒಪ್ಪಂದ ಆದರೆ 9 ವೋಲ್ಟೋ ಇನ್ನೂ ಜಾಸ್ತಿಯೋ ಬರುತ್ತದೆ, ಆಗದಿದ್ದರೆ ಸುರಕ್ಷಿತವಾಗಿ 5ರಲ್ಲೇ ನಿಲ್ಲುತ್ತದೆ. ಟೈಪ್-ಸಿ ಕಿಂಡಿಯಲ್ಲಿ 24 ಪಿನ್ ಇವೆ, ಮಾತುಕತೆಗೆ ಬೇಕಾದ ಪಿನ್‌ಗಳು ಸರಿಯಾಗಿ ತಾಗದೆ ಪವರ್ ಪಿನ್ ಮಾತ್ರ ತಾಗಿದರೆ ನನ್ನ ಫೋನಿನ ಹಾಗೆ ಆಗುತ್ತದೆ. ಚಾರ್ಜ್ ಆಗುತ್ತದೆ, ಆದರೆ ತೆವಳುತ್ತದೆ.

ಭೂತಗನ್ನಡಿ ಇಳಿಸಿಕೊಂಡು ಪೋರ್ಟ್ ನೋಡಿದರು. "ಟಕ್ ಅಂತ ಕೂರಲ್ವಲ್ಲ ಕೇಬಲ್ಲು, ಅಲ್ವಾ ಮೇಡಂ?" ಹೌದು, ಒಂದು ಎಳ್ಳಿನಷ್ಟು ಹೊರಗೇ ಇರುತ್ತಿತ್ತು. ಫೋನ್ ಸ್ವಿಚ್ ಆಫ್ ಮಾಡಿ, ಪ್ಲಾಸ್ಟಿಕ್ಕಿನ ಚೂಪು ಕಡ್ಡಿಯಿಂದ ಕಿಂಡಿಯ ಗೋಡೆಯ ಕಡೆ ಒತ್ತಿಕೊಂಡು ನಿಧಾನಕ್ಕೆ ಕೆರೆದರು. ಹೊರಬಂದಿದ್ದನ್ನು ನೋಡಿದರೆ ದೇವರ ಮನೆಯ ಹೂಬತ್ತಿಯ ಹಾಗಿತ್ತು, ಬೂದು ಬಣ್ಣದ್ದು ಅಷ್ಟೇ. ಜೀನ್ಸ್ ಜೇಬಿನ ನೂಲಿನ ಜುಂಗು. ಪ್ರತಿ ಸಲ ಕೇಬಲ್ ಚುಚ್ಚಿದಾಗಲೂ ಅದನ್ನೇ ಒಳಗೆ ತುರುಕಿದ ಹಾಗಾಗಿ ಗಟ್ಟಿಯಾಗಿ ಕೂತಿತ್ತು.

ಮನೆಯಲ್ಲಿ ಇದನ್ನು ಮಾಡುವವರು ಸೇಫ್ಟಿ ಪಿನ್ನು, ಸೂಜಿ, ಸಿಮ್ ತೆಗೆಯುವ ಪಿನ್ನು ಹಾಕಬೇಡಿ. ಟೈಪ್-ಸಿ ಕಿಂಡಿಯ ಮಧ್ಯೆ ತೆಳುವಾದ ಒಂದು ನಾಲಿಗೆ ಇದೆ, ಪಿನ್‌ಗಳೆಲ್ಲ ಇರುವುದು ಅದರ ಮೇಲೆ. ಅದು ಬಾಗಿದರೆ ಕೆಲಸ ಕೆಟ್ಟಿತು. ಮರದ ಹಲ್ಲುಕಡ್ಡಿಯ ತುದಿ ಸ್ವಲ್ಪ ಸವರಿ ತೆಳು ಮಾಡಿಕೊಂಡರೆ ಸಾಕು, ಅದೂ ಫೋನ್ ಆಫ್ ಮಾಡಿ. ಬಾಯಿಂದ ಊದಬೇಡಿ, ಎಂಜಲ ಹನಿ ಒಳಗೆ ಹೋಗುತ್ತದೆ. ಮಳೆಯಲ್ಲಿ ನೆಂದು ಬಂದು ತೇವ ಇದೆ ಅಂತ ಫೋನ್ ಹೇಳಿದರೆ ಒಣಗುವ ತನಕ ಕಾಯಿರಿ, ಅಕ್ಕಿ ಡಬ್ಬಕ್ಕೆ ಹಾಕುವ ಪದ್ಧತಿ ಬಿಡಿ. ಅಕ್ಕಿ ಪುಡಿ ಪೋರ್ಟಿಗೆ ಸೇರುತ್ತದೆ, ಅಷ್ಟೇ ಲಾಭ.

ಕ್ಲೀನ್ ಆದ ಮೇಲೆ ಮೀಟರ್ 9 ವೋಲ್ಟ್, 2 ಆಂಪಿಯರ್ ಹತ್ತಿರ ನಿಂತಿತು. 18 ವ್ಯಾಟ್. 33 ಯಾಕೆ ಇಲ್ಲ ಅಂದೆ. ಈ ಬ್ರಾಂಡಿನವರು ತಮ್ಮ ಕೇಬಲ್ಲನ್ನೂ ಗುರುತು ಹಿಡಿಯುತ್ತಾರೆ, ಬಾಕ್ಸಿನ ಕೇಬಲ್ ಹಾಕಿದರೆ ಬರುತ್ತದೆ ಅಂದರು. ಆಮೇಲೆ ಮನೆಯಲ್ಲಿ ತಮ್ಮನ ಕೈಯಿಂದ ಕಿತ್ತುಕೊಂಡು ಹಾಕಿ ನೋಡಿದೆ, ಬಂತು.

ನಾನಿನ್ನೂ ಅಂಗಡಿಯಲ್ಲಿದ್ದಾಗಲೇ ಪಕ್ಕದಲ್ಲಿ ನಿಂತಿದ್ದ ಕಾಲೇಜ್ ಹುಡುಗ ತನ್ನ ಫೋನ್ ತೋರಿಸಿದ. ಅವನದು ಒನ್‌ಪ್ಲಸ್, ತಂದಿದ್ದು ಲ್ಯಾಪ್‌ಟಾಪಿನ 65 ವ್ಯಾಟ್ ಚಾರ್ಜರ್. "65 ಅಂತ ಬರೆದಿದೆ, ಆದ್ರೂ ಸ್ಲೋ ಅಣ್ಣ" ಅನ್ನುತ್ತಿದ್ದ. ಇದು ಬಹಳ ಜನಕ್ಕೆ ಗೊಂದಲ. ಚಾರ್ಜರ್ ಮೇಲೆ ಬರೆದಿರುವ ವ್ಯಾಟ್ ಅದರ ಗರಿಷ್ಠ, ನಿಮ್ಮ ಫೋನಿಗೆ ಅಷ್ಟು ಕೊಡುತ್ತದೆ ಅಂತ ಅರ್ಥ ಅಲ್ಲ. ಒಪ್ಪೋ, ಒನ್‌ಪ್ಲಸ್‌ನವರ ಸ್ವಂತ ಫಾಸ್ಟ್ ಚಾರ್ಜಿಂಗ್ ಪದ್ಧತಿ ಸೂಪರ್‌ವೂಕ್, ಅದರ ಪೂರ್ತಿ ವೇಗಕ್ಕೆ ಅವರದೇ ಚಾರ್ಜರ್, ಅದಕ್ಕೆ ಹೊಂದುವ ಕೇಬಲ್ ಬೇಕು. ಲ್ಯಾಪ್‌ಟಾಪ್ ಚಾರ್ಜರ್ ಮಾತಾಡುವುದು ಯುಎಸ್‌ಬಿ ಪಿಡಿ, ಅಂದರೆ ಬೇರೆ ಬೇರೆ ಕಂಪನಿಗಳು ಬಳಸುವ ಸಾಮಾನ್ಯ ಚಾರ್ಜಿಂಗ್ ಭಾಷೆ. ಇಬ್ಬರಿಗೂ ಬರುವ ಭಾಷೆಯಲ್ಲಿ ಎಷ್ಟಕ್ಕೆ ಒಪ್ಪುತ್ತಾರೋ ಅಷ್ಟೇ ಸಿಗುವುದು. ಸ್ಯಾಮ್‌ಸಂಗ್‌ನ 25 ವ್ಯಾಟ್ ಸೂಪರ್ ಫಾಸ್ಟ್ ಬೇಕಾದರೆ ಪಿಡಿಯಲ್ಲೂ ಪಿಪಿಎಸ್ ಅನ್ನುವ ಬಗೆ ಇರುವ ಚಾರ್ಜರ್ ನೋಡಿ ತಗೊಳ್ಳಬೇಕು. 45 ವ್ಯಾಟ್‌ಗಾದರೆ 5 ಆಂಪಿಯರ್ ಕೇಬಲ್ಲೂ ಬೇಕು. ಆಫೀಸಿನಲ್ಲಿ ಕಂಪ್ಯೂಟರಿನ ಯುಎಸ್‌ಬಿ 2.0 ಕಿಂಡಿಗೆ ಸಿಕ್ಕಿಸಿ ಬೈದುಕೊಳ್ಳುವವರು ಅದರ ಮಿತಿಯೇ 5 ವೋಲ್ಟ್, 0.5 ಆಂಪಿಯರ್ ಅನ್ನುವುದು ನೆನಪಿಡಿ.

ಇನ್ನೊಂದು, ಬಿಸಿ. ಲಿಥಿಯಂ ಬ್ಯಾಟರಿಗೆ 45 ಡಿಗ್ರಿ ದಾಟಿದ ಮೇಲೆ ಚಾರ್ಜ್ ಮಾಡುವುದು ಒಳ್ಳೆಯದಲ್ಲ, ಅದಕ್ಕೇ ಬಿಸಿ ಏರುತ್ತಿದ್ದ ಹಾಗೇ ಫೋನ್ ತಾನೇ ವೇಗ ಇಳಿಸುತ್ತದೆ. ಏಪ್ರಿಲ್ ಬಿಸಿಲಲ್ಲಿ ಬೈಕಿನ ಹ್ಯಾಂಡಲ್ಲಿಗೆ ಕಟ್ಟಿಕೊಂಡು, ದಪ್ಪ ಕವರ್ ಹಾಕಿ, ಹಾಟ್‌ಸ್ಪಾಟೂ ಆನ್ ಮಾಡಿ ಚಾರ್ಜ್ ಆಗುತ್ತಿಲ್ಲ ಅಂದರೆ ಅದಾದರೂ ಏನು ಮಾಡೀತು! 80 ದಾಟಿದ ಮೇಲೆ ನಿಧಾನ ಆಗುವುದೂ ಕಾಯಿಲೆ ಅಲ್ಲ, ಆ ಬ್ಯಾಟರಿಗಳ ಸ್ವಭಾವವೇ ಹಾಗೆ. ಕೆಲವು ಫೋನ್‌ಗಳಲ್ಲಿ ಬ್ಯಾಟರಿ ಉಳಿಸುವುದಕ್ಕೆ 80ಕ್ಕೇ ನಿಲ್ಲಿಸುವ ಸೆಟ್ಟಿಂಗೂ ಇದೆ, ಒಂದು ಸಲ ತೆಗೆದು ನೋಡಿ.

ನನಗೆ ಈ ಅಂಗಡಿ ಮೇಲೆ ನಂಬಿಕೆ ಬಂದಿದ್ದು ಕೊನೆಯಲ್ಲಿ. ಕೇಬಲ್ ಅಲ್ಲಾಡಿಸಿದಾಗ ಮೀಟರ್ ಒಂದೆರಡು ಸಲ ಕುಣಿಯಿತು. ಪೋರ್ಟ್ ಸ್ವಲ್ಪ ಸವೆದಿದೆ ಅಂತ ಅರ್ಥ. ಸಿಸಿ ಬೋರ್ಡ್, ಅಂದರೆ ಕೆಳಗಡೆ ಚಾರ್ಜಿಂಗ್ ಪೋರ್ಟ್ ಕೂತಿರುವ ಚಿಕ್ಕ ಬೋರ್ಡು, ನನ್ನ ಫೋನಿನಲ್ಲಿ ಬೇರೆಯಾಗಿಯೇ ಇದೆ, ಮದರ್‌ಬೋರ್ಡ್ ಮುಟ್ಟದೆ ಬದಲಾಯಿಸಬಹುದು. ಹಾಕಿಬಿಡಿ ಅಂದೆ. "ಈಗ ಬೇಡ ಮೇಡಂ. ಕೇಬಲ್ ತಾನಾಗೇ ಜಾರಿ ಬಿದ್ರೆ ಆವಾಗ ಬನ್ನಿ, ಸುಮ್ನೆ ಯಾಕೆ ಬಿಚ್ಚೋದು" ಅಂದರು. ಬಿಚ್ಚಿದರೆ ಹಿಂದಿನ ಅಂಟು ಮೊದಲಿನ ಹಾಗೆ ಕೂರುವುದಿಲ್ಲ, ನೀರು ತಡೆಯುವ ಗುಣ ಹೋಗುತ್ತದೆ ಅಂತಲೂ ಹೇಳಿದರು. ಬರುವ ದುಡ್ಡನ್ನು ಬೇಡ ಅನ್ನುವ ರಿಪೇರಿಯವರನ್ನು ನಾನು ಈ ಊರಲ್ಲಿ ಹೆಚ್ಚು ನೋಡಿಲ್ಲ. ಕ್ಲೀನಿಂಗ್, ಚೆಕಿಂಗ್ ಎಲ್ಲ ಸೇರಿ 150 ರೂಪಾಯಿ ತಗೊಂಡರು.

ಈಗ ದೂರು. ಬಿಲ್ ಕೊಡುವುದಿಲ್ಲ. ಕೇಳಿದ್ದಕ್ಕೆ ಹಳೆಯ ಕಾರ್ಡಿನ ಹಿಂದೆ ತಾರೀಕು ಬರೆದು ಕೊಟ್ಟರು. ಪಾರ್ಟ್ ಹಾಕಿಸುವವರು ಏನು ಹಾಕಿದರು, ಎಷ್ಟು ದಿನ ಗ್ಯಾರಂಟಿ ಅಂತ ಪಟ್ಟು ಹಿಡಿದು ಬರೆಸಿಕೊಳ್ಳಿ. ಗೋಡೆಗೆ ನೇತುಹಾಕಿರುವ ಚಾರ್ಜರ್‌ಗಳಂತೂ ನನಗೆ ಹಿಡಿಸಲಿಲ್ಲ. ನಮ್ಮಲ್ಲಿ ಮೊಬೈಲ್ ಚಾರ್ಜರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಕಡ್ಡಾಯ, ಮೇಲೆ ಆರ್ ಅಕ್ಷರದಿಂದ ಶುರುವಾಗುವ ನಂಬರ್ ಇರಬೇಕು, ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾವ ಕಂಪನಿಯದು ಅಂತ ಬರುತ್ತದೆ. ಇಲ್ಲಿ ತೂಗುತ್ತಿದ್ದ ಕೆಲವಕ್ಕೆ ನಂಬರೇ ಇರಲಿಲ್ಲ. ಕೇಳಿದರೆ "ಅದು ಕೇಳಿದವರಿಗೆ ಕೊಡೋದು, ನಿಮಗಲ್ಲ" ಅಂತ ನಕ್ಕರು. ನನಗೆ ನಗು ಬರಲಿಲ್ಲ. ಗೋಡೆಗೆ ಸಿಕ್ಕಿಸುವ ವಸ್ತು ಅದು, ಪಕ್ಕದಲ್ಲೇ ಮಕ್ಕಳು ಮಲಗಿರುತ್ತಾರೆ. ರಿಪೇರಿಗೆ ಇಲ್ಲಿಗೆ ಬನ್ನಿ, ಚಾರ್ಜರ್ ಮಾತ್ರ ಬೇರೆ ಕಡೆ ತಗೊಳ್ಳಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಾರ್ಡ್ ನಡೆಯುವುದಿಲ್ಲ, ಯುಪಿಐ ಅಥವಾ ಕ್ಯಾಶ್. ಕೂರುವುದಕ್ಕೆ ಒಂದೇ ಸ್ಟೂಲ್, ಅದರ ಮೇಲೂ ಯಾವುದೋ ಸಿಪಿಯು ಇರುತ್ತದೆ. ಒಂದೂವರೆಯಿಂದ ಮೂರರ ತನಕ ಹೋಗಬೇಡಿ, ಅವರು ಊಟಕ್ಕೆ ಹೋಗಿರುತ್ತಾರೆ, ಅಂಗಡಿಯಲ್ಲಿರುವ ಹುಡುಗನಿಗೆ ಸ್ಕ್ರೀನ್ ಗಾರ್ಡ್ ಅಂಟಿಸುವುದು ಮಾತ್ರ ಗೊತ್ತು.