ಎರಡು ವರ್ಷ ಬಳಸಿದ ಗ್ರೋ ಲೈಟ್: ಮೆಂತ್ಯಕ್ಕೆ ಸೈ, ಸೇವಂತಿಗೆಗೆ ಕೈ ಕೊಟ್ಟಿತು

ನಮ್ಮದು ಬೆಂಗಳೂರಲ್ಲಿ ಉತ್ತರಕ್ಕೆ ಮುಖ ಮಾಡಿದ ಬಾಲ್ಕನಿ, ಎದುರಿಗೇ ಇನ್ನೊಂದು ಅಪಾರ್ಟ್‌ಮೆಂಟು. ಬಿಸಿಲಿನ ಆಸೆ ಬಿಟ್ಟು, ಎರಡು ವರ್ಷದ ಹಿಂದೆ ಕ್ಲಿಪ್ ಸಿಕ್ಕಿಸುವ ಕೆಂಪು-ನೀಲಿ ಎಲ್‌ಇಡಿ ಗ್ರೋ ಲೈಟ್, ಅಂದರೆ ಬಿಸಿಲಿಲ್ಲದೆಡೆ ಗಿಡ ಬೆಳೆಸುವ ದೀಪ, ತರಿಸಿದೆ.

ಸೊಪ್ಪಿನ ಮಟ್ಟಿಗೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಮುಂಚೆ ಮೆಂತ್ಯ ದಾರದ ಹಾಗೆ ಉದ್ದಕ್ಕೆ ಎದ್ದು, ಗಾಜಿನ ಕಡೆ ವಾಲಿ ಮಲಗಿಬಿಡುತ್ತಿತ್ತು. ಈಗ ಗಿಡ್ಡಕ್ಕೆ, ದಟ್ಟಕ್ಕೆ ಬರುತ್ತದೆ. ಕಾಂಡ ಸುಮ್ಮನೆ ಉದ್ದವಾಗದಂತೆ ತಡೆಯುವುದು 450 ನ್ಯಾನೋಮೀಟರ್ ಆಸುಪಾಸಿನ ತರಂಗಾಂತರದ ನೀಲಿ ಬೆಳಕು; ದ್ಯುತಿಸಂಶ್ಲೇಷಣೆಗೆ ಅದರ ಜೊತೆ 660ರ ಕೆಂಪೂ ಚೆನ್ನಾಗಿ ಒದಗುತ್ತದೆ. ಡಬ್ಬದ ಮೇಲೆ ‘ಹಸಿರು ಬೆಳಕು ಗಿಡಕ್ಕೆ ವ್ಯರ್ಥ’ ಅಂತ ಅಚ್ಚಾಗಿತ್ತು. ಅದು ಉತ್ಪ್ರೇಕ್ಷೆ. ಎಲೆ ಹಸಿರನ್ನು ಒಂದಿಷ್ಟು ಮಾತ್ರ ವಾಪಸ್ ಕಳಿಸುತ್ತದೆ, ಉಳಿದದ್ದು ಒಳಪದರಗಳಿಗೆ ಇಳಿದು ಬಳಕೆಯಾಗುತ್ತದೆ.

ಹಸಿರಿಲ್ಲದ್ದರ ತೊಂದರೆ ಆದದ್ದು ನನ್ನ ಕಣ್ಣಿಗೆ. ಆ ನೇರಳೆ ಬೆಳಕಲ್ಲಿ ಎಲೆಯೆಲ್ಲ ಕಪ್ಪು. ಒಮ್ಮೆ ಹೇನು ಹತ್ತಿದ್ದು ಗೊತ್ತಾಗಿದ್ದು ಕೊಯ್ದು ಅಡುಗೆಮನೆಗೆ ತಂದಮೇಲೆ! ಎದುರುಮನೆಯವರಂತೂ “ಏನ್ರೀ, ಮನೇಲಿ ಪಬ್ ಶುರು ಮಾಡಿದ್ರಾ?” ಅಂತ ಕೇಳಿದ್ದರು.

ಸೇವಂತಿಗೆಯ ಕಥೆ ಬೇರೆ. ಅದೇ ಲೈಟಿನಡಿ ಒಂದು ಕುಂಡ ಇಟ್ಟು, ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಟೈಮರ್ ಹಾಕಿದ್ದೆ. ಎಲೆ ಸೊಂಪಾಗಿ ಬಂತು, ದೀಪಾವಳಿ ಹೋಯಿತು, ಸಂಕ್ರಾಂತಿಯೂ ಹೋಯಿತು, ಒಂದು ಮೊಗ್ಗಿಲ್ಲ. ದೊಡ್ಡಬಳ್ಳಾಪುರದ ಕಡೆ ಹೂ ಬೆಳೆಯುವ ಸೋದರಮಾವ ನೋಡಿ ನಕ್ಕರು: “ಹೂವು ತಡವಾಗ್ಲಿ ಅಂತ್ಲೇ ನಾವು ರಾತ್ರಿ ಹೊತ್ತು ತೋಟಕ್ಕೆ ಬಲ್ಬ್ ಹಾಕೋದು ಕಣೋ. ನೀನು ಮನೇಲಿ ಅದನ್ನೇ ಮಾಡಿದ್ದೀಯ.” ಸೇವಂತಿಗೆ ಮೊಗ್ಗು ಕಟ್ಟಲು ದೀರ್ಘವಾದ ಕತ್ತಲು ಬೇಕು. ಎಲೆಯಲ್ಲಿರುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯಕ್ಕೆ ಕೆಂಪು ತಾಕಿದರೆ ಸಾಕು, ಗಿಡದ ಲೆಕ್ಕದಲ್ಲಿ ಇನ್ನೂ ಹಗಲೇ. ಕುಂಡವನ್ನು ರಾತ್ರಿ ದೀಪ ತಾಕದ ಮೂಲೆಗೆ ಒಯ್ದೆ. ಎರಡು ತಿಂಗಳು ಕಳೆದು ಹಳದಿ ಹೂ ಬಿಟ್ಟಿತು.

ಉಳಿದ ತಕರಾರು: ಬಗ್ಗುವ ಕತ್ತು ವರ್ಷದೊಳಗೆ ಜೋತುಬಿತ್ತು, ಈಗ ದಾರ ಕಟ್ಟಿದ್ದೇನೆ. ಕರೆಂಟ್ ಹೋಗಿ ಬಂದರೆ ಟೈಮರ್ ಎಲ್ಲ ಮರೆಯುತ್ತದೆ. ಡಬ್ಬದ ಮೇಲೆ 45 ವ್ಯಾಟ್, ಪ್ಲಗ್ ಮೀಟರ್‌ನಲ್ಲಿ ಅರ್ಧ.

ಐದಕ್ಕೆ ಮೂರು. ಹೊಸದಾಗಿ ಕೊಳ್ಳುವವರು ಬಿಳಿ ಬೆಳಕಿನದನ್ನೇ ತಗೊಳ್ಳಿ, ಹೇನಾದರೂ ಕಾಣುತ್ತದೆ.